ಹೂ ಮುಗಿದ ಮೇಲೆ ಕತ್ತರಿ ಎಲ್ಲಿಗೆ, ಯಾವಾಗ?

ನಮ್ಮ ಕಡೆ ಮನೆಯಂಗಳದಲ್ಲಿ ವರ್ಷಕ್ಕೊಮ್ಮೆಯಾದರೂ ಏಳುವ ಚರ್ಚೆ ಇದು. ಒಬ್ಬರು ಕತ್ತರಿ ಹಿಡಿದು ಗಿಡದ ಮುಂದೆ ನಿಂತಿರುತ್ತಾರೆ. ಒಳಗಿನಿಂದ ಅಜ್ಜಿ, "ಹೂ ಬಿಡೋ ಗಿಡಕ್ಕೆ ಯಾಕೆ ಕತ್ತಿ ಹಾಕ್ತೀಯಾ, ಸುಮ್ನೆ ಬಿಡು" ಅನ್ನುತ್ತಾರೆ. ಇಬ್ಬರ ಕಡೆಯೂ ನ್ಯಾಯ ಇದೆ. ಸರಿಯಾದ ಗಿಡಕ್ಕೆ ಸರಿಯಾದ ಹೊತ್ತಿನಲ್ಲಿ ಕತ್ತರಿ ಬಿದ್ದರೆ ಹೂ ಜಾಸ್ತಿ. ಹೊತ್ತಲ್ಲದ ಹೊತ್ತಿನಲ್ಲಿ ಬಿದ್ದರೆ ಒಂದು ಇಡೀ ವರ್ಷದ ಹೂ ಕೈತಪ್ಪುತ್ತದೆ. ಗುಲಾಬಿಗೆ ಮಾಡಿದ್ದನ್ನೇ ಹೈಡ್ರೇಂಜಿಯಾಕ್ಕೂ ಮಾಡಿ, ಮುಂದಿನ ಬೇಸಿಗೆಯಲ್ಲಿ ಬರೀ ಎಲೆ ನೋಡಿದವರು ಸಕಲೇಶಪುರ, ಮೂಡಿಗೆರೆ ಕಡೆ ಬೇಕಾದಷ್ಟು ಜನ ಸಿಗುತ್ತಾರೆ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಫೋನಿನಲ್ಲಿ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಹಿಮ ಬೀಳುವ ಊರುಗಳವು. ಅಲ್ಲಿ ಗಿಡಕ್ಕೆ ಕಷ್ಟದ ಕಾಲ ಅಂದರೆ ಚಳಿಗಾಲ. ಹಿಮ ಬೀಳುವ ಮೊದಲು ಕತ್ತರಿಸಿ, ಹಿಮ ಕರಗುವಾಗ ಕತ್ತರಿಸಿ ಅಂತ ಬರೆದಿರುತ್ತಾರೆ. ನಮ್ಮ ಗಿಡಗಳಿಗೆ ಕಷ್ಟದ ಕಾಲ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ. ಅದೂ ಎಲ್ಲ ಕಡೆ ಒಂದೇ ತರ ಇರುವುದಿಲ್ಲ. ಕಡೂರು, ಅರಸೀಕೆರೆ ಬಯಲಿನಲ್ಲಿ ವರ್ಷಕ್ಕೆ ಸುಮಾರು 600ರಿಂದ 700 ಮಿ.ಮೀ. ಮಳೆ. ಚಿಕ್ಕಮಗಳೂರು ಜಿಲ್ಲೆಯ ಇನ್ನೊಂದು ತುದಿಯ ಕೊಪ್ಪ, ಶೃಂಗೇರಿಗೆ ಹೋದರೆ ಅದರ ನಾಲ್ಕೈದು ಪಟ್ಟು. ಒಂದೇ ಜಿಲ್ಲೆಯ ಎರಡು ಅಂಗಳಕ್ಕೆ ಒಂದೇ ತಾರೀಖು ಹೇಳಲು ಆಗುವುದಿಲ್ಲ. ಅದಕ್ಕೇ ಈ ಬರಹದಲ್ಲಿ ತಿಂಗಳಿನ ಜೊತೆಗೆ ಮಳೆ ನಕ್ಷತ್ರವನ್ನೂ ಹೇಳುತ್ತಾ ಹೋಗುತ್ತೇನೆ. ಕೃಷಿ ಕೆಲಸಕ್ಕೆ ಇಷ್ಟು ಕಾಲ ಆಗಿಬಂದ ಲೆಕ್ಕ ಹೂಗಿಡಕ್ಕೂ ಆಗುತ್ತದೆ.

ಮುಂದಿನ ಹೂ ಎಲ್ಲಿದೆ?

ಕತ್ತರಿ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ ಪ್ರಶ್ನೆ. ಈ ಗಿಡದ ಮುಂದಿನ ಹೂ ಎಲ್ಲಿಂದ ಬರುತ್ತದೆ? ಈಗಾಗಲೇ ಇರುವ ಕೊಂಬೆಯಿಂದಲೋ, ಇನ್ನು ಮೇಲೆ ಹುಟ್ಟಬೇಕಾದ ಚಿಗುರಿನಿಂದಲೋ? ಇದೊಂದು ಗೊತ್ತಾದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಕಾಫಿ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ಅರೇಬಿಕಾ ಗಿಡದಲ್ಲಿ ಈ ವರ್ಷ ಬೆಳೆದ ರೆಕ್ಕೆಯ, ಅಂದರೆ ಅಡ್ಡ ಕೊಂಬೆಯ, ಗೆಣ್ಣುಗಳಲ್ಲಿ ಮುಂದಿನ ವರ್ಷದ ಫಸಲು. ಮಳೆಗಾಲ ಮುಗಿದು ಹಗಲು ಚಿಕ್ಕದಾಗುವಾಗ ಆ ಗೆಣ್ಣುಗಳಲ್ಲಿ ಮೊಗ್ಗು ಕಟ್ಟಲು ಶುರುವಾಗುತ್ತದೆ. ಒಣಹವೆಯಲ್ಲಿ ಮೊಗ್ಗು ನಿದ್ದೆಯಲ್ಲಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ಒಂಬತ್ತು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಈಗ ಯೋಚಿಸಿ. ಡಿಸೆಂಬರ್‌ನಲ್ಲಿ ಯಾರಾದರೂ ಹಣ್ಣಿರುವ ಅರೇಬಿಕಾ ಗಿಡದ ಎಳೆಯ ರೆಕ್ಕೆಗಳನ್ನೆಲ್ಲ ಚೆಂದಕ್ಕೆ ಅಂತ ಕತ್ತರಿಸಿ ಹಾಕುತ್ತಾರಾ? ಕೊಯ್ಲು ಮುಗಿದ ಮೇಲೆಯೇ ಕಸಿ ಕೆಲಸಕ್ಕೆ, ಅಂದರೆ ಗಿಡ ಸವರಲು, ಆಳು ಇಳಿಯುವುದು. ಆಗಲೂ ಸೋತ, ಒಣಗಿದ, ಗೋಜಲಾದ ಕೊಂಬೆಗಳಿಗೆ ಕತ್ತರಿ. ಮೊಗ್ಗಿಟ್ಟುಕೊಂಡ ರೆಕ್ಕೆಯನ್ನು ಕೈಯಾಡಿಸಿ ನೋಡಿ ಉಳಿಸುತ್ತಾರೆ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಕಲಿಸುವ ಪಾಠದ ತಿರುಳೂ ಇದೇ. ತೋಟದಲ್ಲಿ ಇಷ್ಟು ಜೋಪಾನ ಮಾಡುವ ಮನೆಯಲ್ಲೇ ಅಂಗಳದ ಹೈಡ್ರೇಂಜಿಯಾವನ್ನು ಜನವರಿಯಲ್ಲಿ ಬುಡಕ್ಕೆ ಕತ್ತರಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಯಾಕೆಂದರೆ ಆ ಗಿಡದ ಸ್ವಭಾವವೂ ಹೆಚ್ಚುಕಡಿಮೆ ಅರೇಬಿಕಾದ್ದೇ.

ಹಳೆ ಕೊಂಬೆಯಲ್ಲಿ ಮೊಗ್ಗು ಕಟ್ಟಿಕೊಂಡು ಕಾಯುವ ಗಿಡಗಳು ನಮ್ಮ ಅಂಗಳದಲ್ಲಿ ಕಡಿಮೆ. ಹೈಡ್ರೇಂಜಿಯಾ, ಎಸ್ಟೇಟ್ ಬಂಗಲೆಗಳ ಮುಂದಿನ ಅಜೇಲಿಯಾ, ವರ್ಷಕ್ಕೆ ಒಂದೇ ಸಲ ಹೂ ಬಿಡುವ ಹಳೆ ಬಳ್ಳಿ ಗುಲಾಬಿ ಈ ಗುಂಪಿನವು. ಇವುಗಳಿಗೆ ಹೂ ಮುಗಿದ ತಕ್ಷಣ ಕತ್ತರಿ. ತಡ ಮಾಡಿದಷ್ಟೂ ಮುಂದಿನ ಮೊಗ್ಗನ್ನೇ ಕತ್ತರಿಸಿದ ಹಾಗೆ.

ಹೊಸ ಚಿಗುರಿನ ತುದಿಯಲ್ಲೋ ಗೆಣ್ಣಿನಲ್ಲೋ ಹೂ ಬಿಡುವ ಗಿಡಗಳೇ ಜಾಸ್ತಿ. ಈಗಿನ ಗುಲಾಬಿ ತಳಿಗಳು, ದುಂಡು ಮಲ್ಲಿಗೆ, ಜಾಜಿ, ದಾಸವಾಳ, ಕಾಗದದ ಹೂ (ಬೋಗನ್‌ವಿಲ್ಲಾ), ಕನಕಾಂಬರ, ಸೇವಂತಿಗೆ, ಡೇರೆ (ಡೇಲಿಯಾ). ಇವುಗಳಲ್ಲಿ ಚಿಗುರು ಜಾಸ್ತಿ ಬಂದಷ್ಟೂ ಹೂ ಜಾಸ್ತಿ. ಕತ್ತರಿಸಿದರೆ ಚಿಗುರು ಬರುತ್ತದೆ. ಆದರೆ ಆ ಚಿಗುರು ಬಲಿಯುವ ಹೊತ್ತಿಗೆ ಹೊರಗೆ ಬಿಸಿಲಿರುತ್ತದೋ ಆಷಾಢದ ಮಳೆ ಇರುತ್ತದೋ ಅನ್ನುವುದನ್ನು ನಾವು ಮೊದಲೇ ಲೆಕ್ಕ ಹಾಕಿರಬೇಕು.

ಕತ್ತರಿಸಿದರೆ ಚಿಗುರುವುದು ಯಾಕೆ?

ಗಿಡದ ತುದಿ ಕುಡಿಗೆ ಒಂದು ಯಜಮಾನಿಕೆ ಇದೆ. ಅಲ್ಲಿ ಹುಟ್ಟುವ ಆಕ್ಸಿನ್ ಅನ್ನುವ ರಸ ಕಾಂಡದೊಳಗೆ ಕೆಳಗಿಳಿಯುತ್ತಾ, ಪಕ್ಕದ ಕಣ್ಣುಗಳಿಗೆ (ಚಿಗುರೊಡೆಯುವ ಜಾಗಗಳಿಗೆ) 'ಈಗ ಬೇಡ' ಅಂತ ಹೇಳುತ್ತಿರುತ್ತದೆ. 1933ರಲ್ಲಿ ಸಸ್ಯವಿಜ್ಞಾನಿಗಳಾದ ಕೆನೆತ್ ಥೀಮನ್ ಮತ್ತು ಫೋಕ್ ಸ್ಕೂಗ್ ಇದನ್ನು ಅವರೆ ಜಾತಿಯ ಒಂದು ಗಿಡದ ಮೇಲೆ ತೋರಿಸಿದರು. ಕುಡಿ ಮುರಿದರೆ ಪಕ್ಕದ ಕಣ್ಣು ಚಿಗುರಿತು. ಮುರಿದ ತುದಿಗೆ ಆಕ್ಸಿನ್ ಹಚ್ಚಿದರೆ, ಕುಡಿ ಇಲ್ಲದಿದ್ದರೂ ಕಣ್ಣುಗಳು ಸುಮ್ಮನಿದ್ದವು. 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಅಧ್ಯಯನ ಈ ಕಥೆಗೆ ಇನ್ನೊಂದು ತುಂಡು ಸೇರಿಸಿತು. ಕುಡಿ ತೆಗೆದಾಗ, ಆಕ್ಸಿನ್ ಕಡಿಮೆಯಾದ ಸುದ್ದಿ ಕೆಳಗಿನ ಕಣ್ಣಿಗೆ ಮುಟ್ಟುವ ಮೊದಲೇ ಅದು ಚಿಗುರಲು ಶುರು ಮಾಡುತ್ತದೆ. ಕಾರಣ ಸಕ್ಕರೆ. ಅಲ್ಲಿವರೆಗೆ ಕುಡಿ ಎಳೆದುಕೊಳ್ಳುತ್ತಿದ್ದ ಸಕ್ಕರೆ ಈಗ ಕಣ್ಣುಗಳ ಪಾಲಿಗೆ ಬರುತ್ತದೆ.

ಇದೇ ಮಾತು ಬಾಡಿದ ಹೂವಿಗೂ ಅನ್ವಯಿಸುತ್ತದೆ. ಗಿಡ ಹೂ ಬಿಡುವುದು ಬೀಜಕ್ಕಾಗಿ. ದಳ ಉದುರಿದ ಮೇಲೂ ಬೀಜದ ಕಾಯಿ ಬಲಿಯಲು ಶುರುವಾದರೆ, ಎಲೆ ಮಾಡಿದ ಊಟದ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಕಾಯಿ ಕಟ್ಟುವ ಮೊದಲೇ ಹೂ ತೆಗೆದರೆ ಆ ಊಟ ಹೊಸ ಚಿಗುರಿಗೆ, ಬೇರಿಗೆ ಸಿಗುತ್ತದೆ. ಹಾಗಂತ ಎಲ್ಲ ಗಿಡಕ್ಕೂ ಇದು ಬೇಕಾಗಿಲ್ಲ. ನಮ್ಮ ದಾಸವಾಳದ ಹೆಚ್ಚಿನ ತಳಿಗಳಲ್ಲಿ ಹೂ ಒಂದೇ ದಿನಕ್ಕೆ ಮುದುಡಿ ತಾನಾಗಿ ಉದುರುತ್ತದೆ, ಕಾಯಿ ಕಟ್ಟುವುದು ಅಪರೂಪ. ಅದರ ಹಿಂದೆ ದಿನಾ ಕತ್ತರಿ ಹಿಡಿದು ಓಡಾಡುವ ಕೆಲಸ ಇಲ್ಲ.

ಒಟ್ಟು ಕತ್ತರಿ ಕೆಲಸ ಮೂರು ತರ. ಬಾಡಿದ ಹೂ ತೆಗೆಯುವುದು ವರ್ಷವಿಡೀ ನಡೆಯುವಂಥದ್ದು. ಕುಡಿ ಚಿವುಟುವುದು ಗಿಡ ಎಳೆಯದಿದ್ದಾಗ, ಉಗುರಿನಲ್ಲೇ ಮುಗಿಯುವ ಕೆಲಸ. ಇಡೀ ಗಿಡವನ್ನು ಸವರುವುದು ವರ್ಷಕ್ಕೆ ಒಮ್ಮೆ. ಮೊದಲ ಎರಡರಲ್ಲಿ ತಪ್ಪಾದರೂ ಗಿಡ ಸುಧಾರಿಸಿಕೊಳ್ಳುತ್ತದೆ. ಮೂರನೆಯದಕ್ಕೆ ಕಾಲ ನೋಡಲೇಬೇಕು.

ಗುಲಾಬಿ

ಗುಲಾಬಿಯನ್ನು ಸವರಲು ಮಲೆನಾಡಿನಲ್ಲಿ ಒಳ್ಳೆಯ ಹೊತ್ತು ಚಿತ್ತಾ ಮಳೆ ಮುಗಿದು ಸ್ವಾತಿ ಹಿಡಿಯುವಾಗ, ಅಂದರೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮೊದಲ ವಾರ. ಜೋರು ಮಳೆ ಹಿಂದೆ ಬಿದ್ದಿರುತ್ತದೆ, ಮಣ್ಣಿನಲ್ಲಿ ತೇವ ಇರುತ್ತದೆ, ಬಿಸಿಲು ಸಿಗುತ್ತದೆ. ಸವರಿದ ಆರೇಳು ವಾರಕ್ಕೆ ಹೂ. ಹಾಗಾಗಿ ಡಿಸೆಂಬರ್ ಚಳಿಯಲ್ಲಿ, ಗುಲಾಬಿಗೆ ಬಣ್ಣ ಚೆನ್ನಾಗಿ ಬರುವ ಕಾಲಕ್ಕೇ ಸರಿಯಾಗಿ ಹೂ ಸಿಗುತ್ತದೆ. ಬಯಲುಸೀಮೆಯಲ್ಲಿ ಮಳೆ ಕಡಿಮೆ ಇರುವುದರಿಂದ ಜೂನ್‌ನಲ್ಲಿ ಇನ್ನೊಮ್ಮೆ ಹಗುರವಾಗಿ ಸವರುತ್ತಾರೆ. ಕೊಪ್ಪ, ಕಳಸದ ಕಡೆ ಜೂನ್‌ನಲ್ಲಿ ಹಾಗೆ ಮಾಡಬೇಡಿ. ಕತ್ತರಿಸಿದ ಗಾಯ ಒಣಗಲು ಒಂದು ಬಿಸಿಲಿನ ದಿನವೂ ಸಿಗುವುದಿಲ್ಲ.

ಕತ್ತರಿಸುವ ಮೊದಲು ಕೊಂಬೆಯನ್ನು ಹತ್ತಿರದಿಂದ ನೋಡಿ. ಹಿಂದೆ ಎಲೆ ಇದ್ದ ಜಾಗದಲ್ಲಿ ಕೊಂಬೆಯ ಅರ್ಧ ಸುತ್ತಿಗೆ ತೆಳುವಾದ ಒಂದು ಗೆರೆ ಕಾಣುತ್ತದೆ. ಗೆರೆಯ ನಡುವೆ, ಅದಕ್ಕೆ ತಾಗಿದ ಹಾಗೆ ಮೇಲೆ, ಸಾಸಿವೆ ಗಾತ್ರದ ಕೆಂಪು ಚುಕ್ಕೆ ಇರುತ್ತದೆ. ಅದೇ ಕಣ್ಣು. ಕೆಲವು ಕಣ್ಣು ಗಿಡದ ಒಳಕ್ಕೆ ಮುಖ ಮಾಡಿರುತ್ತವೆ, ಕೆಲವು ಹೊರಕ್ಕೆ. ಹೊರಗೆ ನೋಡುವ ಕಣ್ಣನ್ನು ಆರಿಸಿ, ಅದರಿಂದ ಕಾಲು ಇಂಚು ಮೇಲೆ, ಕಣ್ಣಿನ ಹಿಂಬದಿಗೆ ನೀರು ಜಾರುವ ಹಾಗೆ ಓರೆಯಾಗಿ ಕತ್ತರಿಸಿ. ತೀರಾ ಹತ್ತಿರ ಕತ್ತರಿಸಿದರೆ ಕಣ್ಣೇ ಒಣಗುತ್ತದೆ. ಒಂದಿಂಚು ಮೋಟು ಬಿಟ್ಟರೆ ಆ ಮೋಟು ಕಪ್ಪಾಗಿ, ಕಪ್ಪು ಹಾಗೇ ಕೆಳಗಿಳಿದು ಒಳ್ಳೆ ಕೊಂಬೆಯನ್ನೂ ತಿನ್ನುತ್ತದೆ. ನಮ್ಮ ಕಡೆ ಗುಲಾಬಿ ಸಾಯುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಕತ್ತರಿಸಿದ ಮೇಲೆ ಮುಖ ನೋಡಿ. ನಡುವಿನ ತಿರುಳು ಬೆಳ್ಳಗೆ ಇದ್ದರೆ ಸರಿ. ಕಂದು ಬಣ್ಣ ಕಂಡರೆ ರೋಗ ಇನ್ನೂ ಕೆಳಗಿದೆ ಅಂತ ಅರ್ಥ. ಬಿಳಿ ಕಾಣುವವರೆಗೆ ಒಂದೊಂದೇ ಗೆಣ್ಣು ಕೆಳಗಿಳಿಯಿರಿ. ಬುಡಕ್ಕೆ ಬಂದರೂ ಪರವಾಗಿಲ್ಲ.

ಒಣಗಿದ ಕೊಂಬೆ, ಒಂದಕ್ಕೊಂದು ಉಜ್ಜುವ ಕೊಂಬೆ, ಪೆನ್ಸಿಲ್‌ಗಿಂತ ಸಣ್ಣದಾದ ಸೊರಗಿದ ಕೊಂಬೆ ಎಲ್ಲ ಹೋಗಲಿ. ಉಳಿದ ನಾಲ್ಕೈದು ಗಟ್ಟಿ ಕೊಂಬೆಗಳನ್ನು ಅರ್ಧಕ್ಕೆ ಇಳಿಸಿದರೆ ಸಾಕು. ನರ್ಸರಿಯಿಂದ ತಂದ ಗುಲಾಬಿಯ ಬುಡದಲ್ಲಿ ಒಂದು ಗಂಟು ಇರುತ್ತದೆ. ಕಾಡು ಗುಲಾಬಿಯ ಬೇರಿನ ಮೇಲೆ ಬೇರೆ ತಳಿಯ ಕಣ್ಣು ಕೂರಿಸಿದ ಜಾಗ ಅದು. ಆ ಗಂಟಿನ ಕೆಳಗಿನಿಂದ ಬರುವ ಚಿಗುರು ಎಷ್ಟೇ ಹುಲುಸಾಗಿದ್ದರೂ ಬುಡಸಮೇತ ಕಿತ್ತು ಹಾಕಿ. ಕಾಫಿಯಲ್ಲಿ ಕಂಬಚಿಗುರು (ಕಾಂಡದಿಂದ ನೆಟ್ಟಗೆ ಏಳುವ ಬೇಡದ ಚಿಗುರು) ತೆಗೆಯುವ ಕೈಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬಿಟ್ಟರೆ ವರ್ಷದೊಳಗೆ ಕಾಡು ಗುಲಾಬಿ ಮೇಲೆದ್ದು, ದುಡ್ಡು ಕೊಟ್ಟು ತಂದ ತಳಿ ಕೆಳಗೆ ಸೊರಗುತ್ತದೆ.

ಹೈಡ್ರೇಂಜಿಯಾ

ಏಪ್ರಿಲ್ ಸುಮಾರಿಗೆ ಅರಳಲು ಶುರುವಾದ ಹೂಗುಚ್ಛ ಮಳೆಗಾಲದ ನಡುವಿನವರೆಗೂ ಇರುತ್ತದೆ. ನೀಲಿ ಹೋಗಿ ಹಸಿರು, ಆಮೇಲೆ ಕಂದು. ಹೂ ಉದುರದೆ ಗಿಡದಲ್ಲೇ ಇರುವುದರಿಂದ 'ಇನ್ನೂ ಇದೆಯಲ್ಲ' ಅಂತ ಜನ ಮುಟ್ಟುವುದಿಲ್ಲ. ಕೊನೆಗೆ ಹೊಸ ವರ್ಷಕ್ಕೆ ಅಂಗಳ ಚೊಕ್ಕ ಮಾಡುವಾಗ ಎಲ್ಲ ಒಟ್ಟಿಗೆ ಕತ್ತರಿಸುತ್ತಾರೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ರಾತ್ರಿ ತಂಪಾಗಿ ಹಗಲು ಚಿಕ್ಕದಾದಾಗಲೇ ಗಿಡ ಕೊಂಬೆಯ ತುದಿಯಲ್ಲಿ ಮುಂದಿನ ಹೂವಿನ ಮೊಗ್ಗನ್ನು ಕಟ್ಟಿಟ್ಟುಕೊಂಡಿರುತ್ತದೆ. ತುದಿ ಹೋದರೆ ಹೂ ಹೋಯಿತು.

ಇದಕ್ಕೆ ಸರಿಯಾದ ಹೊತ್ತು ಮಘಾ, ಹುಬ್ಬಾ ಮಳೆಯ ಬಿಡುವು. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ. ಆಗ ಕತ್ತರಿಸಿದರೆ ಹೊಸ ಚಿಗುರಿಗೆ ಬಲಿಯಲು ಆರೇಳು ವಾರ ಸಿಗುತ್ತದೆ, ಆಮೇಲೆ ಮೊಗ್ಗು ಕಟ್ಟುತ್ತದೆ. ಕತ್ತರಿಸುವುದು ಸುಲಭ. ಬಾಡಿದ ಗುಚ್ಛದಿಂದ ಕಾಂಡದಲ್ಲಿ ಬೆರಳಾಡಿಸುತ್ತಾ ಕೆಳಗೆ ಬನ್ನಿ. ಎದುರುಬದುರಾಗಿ ಒಂದು ಜೋಡಿ ದಪ್ಪ ಕಣ್ಣು ಸಿಗುತ್ತದೆ. ಅದರ ಮೇಲೆ ನೇರಕ್ಕೆ ಕತ್ತರಿಸಿ. ಹೂ ಬಿಡದ ಕೊಂಬೆ ಇದ್ದರೆ ಮುಟ್ಟಬೇಡಿ, ಮುಂದಿನ ವರ್ಷದ ಮೊದಲ ಹೂ ಅದರದ್ದೇ. ಗಿಡ ತೀರಾ ದೊಡ್ಡದಾಗಿದ್ದರೆ ವರ್ಷಕ್ಕೆ ಎರಡು ಮೂರು ಹಳೆ ಕಾಂಡಗಳನ್ನು ಮಾತ್ರ ನೆಲಮಟ್ಟಕ್ಕೆ ತೆಗೆಯಿರಿ. ಮೂರು ನಾಲ್ಕು ವರ್ಷದಲ್ಲಿ ಇಡೀ ಗಿಡ ಹೊಸದಾಗುತ್ತದೆ, ಒಂದು ವರ್ಷದ ಹೂವೂ ತಪ್ಪುವುದಿಲ್ಲ.

ಹಳೆ ಕೊಂಬೆ ಮತ್ತು ಹೊಸ ಚಿಗುರು ಎರಡರಲ್ಲೂ ಹೂ ಬಿಡುವ ತಳಿಗಳೂ ಈಗ ಇವೆ. 2004ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ 'ಎಂಡ್‌ಲೆಸ್ ಸಮ್ಮರ್' ಅಂಥದ್ದು. ಆದರೆ ನಮ್ಮ ಹಳೆ ಮನೆಗಳ ಗಿಡಗಳೆಲ್ಲ ಹಳೆ ಸ್ವಭಾವದವು ಅಂತಲೇ ತಿಳಿದು ನಡೆದುಕೊಳ್ಳುವುದು ಒಳ್ಳೆಯದು. ಇಲ್ಲೇ ಇನ್ನೊಂದು ಮಾತು. ಕಾಫಿ ಸೀಮೆಯ ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಬೇರಿಗೆ ಸುಲಭವಾಗಿ ಸಿಗುವುದರಿಂದ ಇದರ ಹೂ ನೀಲಿ. ತೋಟಕ್ಕೆ ತಂದ ಸುಣ್ಣವನ್ನು ಇದರ ಬುಡಕ್ಕೂ ಹಾಕಿದರೆ ಹೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕತ್ತರಿಸಿದ್ದಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ.

ಡೇರೆ ಹೂ

ಮಲೆನಾಡಿನ ಮಳೆಗಾಲದ ಅಂಗಳಕ್ಕೆ ಡೇರೆಯಷ್ಟು ಕಳೆ ತರುವ ಹೂ ನನ್ನ ಪ್ರಕಾರ ಇನ್ನೊಂದಿಲ್ಲ. ಗಣಪತಿ ಹಬ್ಬದಿಂದ ನವರಾತ್ರಿವರೆಗೆ ಅದರದ್ದೇ ಕಾರುಬಾರು. ಇದರಲ್ಲಿ ಬಾಡಿದ ಹೂ ತೆಗೆಯುವಾಗ ಜನ ಅವಸರದಲ್ಲಿ ಮೊಗ್ಗನ್ನೇ ಕಿತ್ತುಬಿಡುತ್ತಾರೆ. ದಳ ಉದುರಿದ ಹೂವೂ ಮೊಗ್ಗೂ ದೂರಕ್ಕೆ ಒಂದೇ ತರ ಕಾಣುತ್ತವೆ. ಗುರುತು ಹೀಗೆ. ಮೊಗ್ಗು ಗುಂಡಗೆ, ಚಪ್ಪಟೆಯಾಗಿ, ಒತ್ತಿದರೆ ಗಟ್ಟಿಯಾಗಿ ಇರುತ್ತದೆ. ಮುಗಿದ ಹೂ ಮುಂದಕ್ಕೆ ಚೂಪಾಗಿರುತ್ತದೆ, ಒತ್ತಿದರೆ ಮೆತ್ತಗೆ, ಮಳೆಗಾಲದಲ್ಲಿ ಒಳಗಿನಿಂದ ನೀರು ಜಿನುಗುತ್ತದೆ. ಚೂಪಿನದನ್ನು ಮಾತ್ರ, ಕೆಳಗಿನ ಎಲೆಯ ಜೋಡಿಯವರೆಗೆ ತೊಟ್ಟು ಸಮೇತ ತೆಗೆಯಿರಿ. ತಲೆ ಮಾತ್ರ ಕಿತ್ತರೆ ಉಳಿದ ತೊಟ್ಟು ಕೊಳೆಯುತ್ತದೆ.

ಹೂ ಪೂರ್ತಿ ನಿಂತ ಮೇಲೆ ಮಾತ್ರ ಕೈ ಕಟ್ಟಿಕೊಂಡು ಕೂರಬೇಕು. ಗಿಡ ಚೆಂದ ಕಾಣುವುದಿಲ್ಲ, ಎಲೆ ಹಳದಿ, ಕಾಂಡ ವಾಲಿರುತ್ತದೆ. ಆದರೂ ಬಿಡಿ. ಹಸಿರಿರುವ ಎಲೆ ಮಾಡುವ ಊಟವೆಲ್ಲ ಈಗ ಗೆಡ್ಡೆಗೆ ಇಳಿಯುತ್ತಿದೆ. ಮುಂದಿನ ವರ್ಷದ ಗಿಡ ಆ ಊಟದ ಮೇಲೆಯೇ ಏಳಬೇಕು. ಎಲೆ ತಾನಾಗಿ ಒಣಗಿದ ಮೇಲೆ ನೆಲದಿಂದ ಅರ್ಧ ಅಡಿ ಬಿಟ್ಟು ಕತ್ತರಿಸಿ. ಡೇರೆಯ ಕಾಂಡ ಒಳಗೆ ಟೊಳ್ಳು. ಕತ್ತರಿಸಿದ ಮೇಲೆ ಮಳೆ ಬಂದರೆ ಆ ಕೊಳವೆಯಲ್ಲಿ ನೀರು ನಿಂತು, ಕಣ್ಣುಗಳಿರುವ ಗೆಡ್ಡೆಯ ಕುತ್ತಿಗೆಯೇ ಕೊಳೆಯುತ್ತದೆ. ಸ್ವಾತಿ, ವಿಶಾಖದ ಮಳೆ ಇನ್ನೂ ಬರುವಂತಿದ್ದರೆ ಕಾಯಿರಿ, ಇಲ್ಲವೇ ಕತ್ತರಿಸಿದ ದಿನವೇ ಗೆಡ್ಡೆ ಅಗೆದು ತಲೆಕೆಳಗಾಗಿ ನೆರಳಿನಲ್ಲಿ ಇಡಿ. ನೀರು ಬಸಿದು ಒಣಗಿದ ಮೇಲೆ ಒಣ ಮರಳಿನಲ್ಲೋ ಬೂದಿಯಲ್ಲೋ ಇಟ್ಟರೆ ಮುಂಗಾರಿನವರೆಗೆ ನಿಶ್ಚಿಂತೆ. ಗೆಡ್ಡೆ ಪಾಲು ಮಾಡುವಾಗ ಪ್ರತಿ ಪಾಲಿನಲ್ಲೂ ಹಳೆ ಕಾಂಡದ ಬುಡದ ಒಂದು ಚೂರು ಇರಲೇಬೇಕು. ಕಣ್ಣು ಇರುವುದು ಅಲ್ಲಿ. ಬರೀ ಗೆಡ್ಡೆ ನೆಟ್ಟರೆ ಎಷ್ಟು ದಪ್ಪ ಇದ್ದರೂ ಚಿಗುರುವುದಿಲ್ಲ.

ಹೂ ಮುಗಿದ ಮೇಲೆ ಎಲೆ ಉಳಿಸುವ ಈ ಮಾತು ಗೆಡ್ಡೆಯ ಎಲ್ಲ ಹೂಗಳಿಗೂ ಸಲ್ಲುತ್ತದೆ. ಸುಗಂಧರಾಜ, ಬೇಸಿಗೆಯ ಕೆಂಪು ಲಿಲ್ಲಿ ಯಾವುದೇ ಇರಲಿ, ಹೂವಿನ ದಂಟು ತೆಗೆಯಿರಿ, ಎಲೆಗೆ ಕೈ ಹಚ್ಚಬೇಡಿ. ಮರದ ಮೇಲಿನ ಸೀತಾಳೆ ದಂಡೆಯಲ್ಲೂ ಅಷ್ಟೇ. ಒಣಗಿದ ಹೂಗೊಂಚಲು ತೆಗೆದರೆ ಸಾಕು.

ಸೇವಂತಿಗೆ ಮತ್ತು ಹಗಲಿನ ಲೆಕ್ಕ

ಸೇವಂತಿಗೆ ಹೂ ಬಿಡಲು ರಾತ್ರಿ ಉದ್ದವಾಗಬೇಕು. ಹಾಸನ, ಚಿಕ್ಕಮಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್‌ನ ಹಗಲಿಗೂ ಡಿಸೆಂಬರ್‌ನ ಹಗಲಿಗೂ ಇಲ್ಲಿ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ಗಿಡಕ್ಕೆ ಅಷ್ಟೂ ಗೊತ್ತಾಗುತ್ತದೆ. ಹಗಲಿನ ಉದ್ದ ನೋಡಿ ಗಿಡ ಹೂ ಬಿಡುತ್ತದೆ ಅನ್ನುವುದನ್ನು 1920ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲ್ಲಾರ್ಡ್ ಪ್ರಕಟಿಸಿದರು.

ಕತ್ತರಿ ಹಿಡಿದವರಿಗೆ ಇದರಿಂದ ತಿಳಿಯಬೇಕಾದ್ದು ಇಷ್ಟು. ಜೂನ್, ಜುಲೈನಲ್ಲಿ ಕುಡಿ ಚಿವುಟಿದಷ್ಟೂ ಕವಲು ಜಾಸ್ತಿ, ಹೂ ಜಾಸ್ತಿ. ಆಗಸ್ಟ್ ಮುಗಿಯುವುದರೊಳಗೆ ಕೈ ನಿಲ್ಲಬೇಕು. ಆಮೇಲೆ ಚಿವುಟಿದರೆ ಮೊಗ್ಗೇ ಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಹೂ ಮುಗಿದ ಕೂಡಲೇ ನೆಲದಿಂದ ನಾಲ್ಕೈದು ಇಂಚು ಬಿಟ್ಟು ಎಲ್ಲ ಕಾಂಡ ಕತ್ತರಿಸಿ. ಬುಡದ ಸುತ್ತ ಮರಿಗಳು ಏಳುತ್ತವೆ. ಬೇಸಿಗೆ ಬಿಸಿಲಿಗೆ ಅವಕ್ಕೆ ಸ್ವಲ್ಪ ನೆರಳು ಕೊಟ್ಟು ಕಾಪಾಡಿ, ಮುಂಗಾರಿಗೆ ಬೇರ್ಪಡಿಸಿ ನೆಡಿ. ಹಳೆ ಬುಡದಲ್ಲೇ ಬಿಟ್ಟರೆ ವರ್ಷದಿಂದ ವರ್ಷಕ್ಕೆ ಹೂ ಸಣ್ಣದಾಗುತ್ತದೆ.

ಎಲ್ಲ ಸರಿಯಾಗಿ ಮಾಡಿಯೂ ನವೆಂಬರ್‌ನಲ್ಲಿ ಮೊಗ್ಗು ಕಾಣದಿದ್ದರೆ ಸುತ್ತಲಿನ ದೀಪ ನೋಡಿ. ರಾತ್ರಿಯಿಡೀ ಉರಿಯುವ ಅಂಗಳದ ಬಲ್ಬು, ಬೀದಿದೀಪ ಇದ್ದರೆ ಸೇವಂತಿಗೆಗೆ ರಾತ್ರಿಯೇ ಆಗುವುದಿಲ್ಲ. ವ್ಯಾಪಾರಕ್ಕೆ ಬೆಳೆಯುವವರು ಹೂವನ್ನು ಬೇಕಂತಲೇ ತಡ ಮಾಡಲು ರಾತ್ರಿ ಬಲ್ಬು ಹಾಕುವುದು ಇದೇ ಕಾರಣಕ್ಕೆ. ಕುಂಡವನ್ನು ಮನೆಯ ಹಿಂದಕ್ಕೆ ಇಟ್ಟು ನೋಡಿ.

ಮಲ್ಲಿಗೆ ಮತ್ತು ಉಳಿದವು

ದುಂಡು ಮಲ್ಲಿಗೆಗೆ ಕರುಣೆ ತೋರಿಸಿದರೆ ಹೂ ಇಲ್ಲ. ನವೆಂಬರ್ ಕೊನೆಯಿಂದ ಜನವರಿಯೊಳಗೆ, ಕೆಲವು ದಿನ ನೀರು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿಗೆ ಇಳಿಸಿ, ಉಳಿದ ಎಲೆಯನ್ನೂ ಉದುರಿಸಿ. ಒಣ ಕಡ್ಡಿ ನಿಲ್ಲಿಸಿದ ಹಾಗೆ ಕಾಣುತ್ತದೆ, ಹೆದರಬೇಡಿ. ಆಮೇಲೆ ಗೊಬ್ಬರ, ನೀರು ಕೊಟ್ಟರೆ ಮಾರ್ಚ್‌ನಿಂದ ಮೊಗ್ಗು ಶುರು. ಜಾಜಿಗೂ ಇದೇ ಲೆಕ್ಕ, ಸ್ವಲ್ಪ ತಡವಾಗಿ, ಜನವರಿಯಲ್ಲಿ. ಸವರುವ ಮೊದಲು ಪೊದೆಯೊಳಗೆ ಒಮ್ಮೆ ಕಣ್ಣಾಡಿಸಿ. ಸೂರಕ್ಕಿ ಗೂಡು ಕಟ್ಟಿದ್ದರೆ ಮರಿ ಹಾರುವವರೆಗೆ ಆ ಕೊಂಬೆ ಬಿಟ್ಟುಬಿಡಿ. ಹಸಿರು ಹಾವೂ ಇರಬಹುದು, ಕೈ ಹಾಕುವ ಮೊದಲು ಕೋಲಿನಲ್ಲಿ ಅಲ್ಲಾಡಿಸಿ.

ಕನಕಾಂಬರದಲ್ಲಿ ಹೂ ಮುಗಿದ ತೆನೆಯನ್ನು ಬಿಟ್ಟರೆ ಅದು ಒಣಗಿ, ನೀರು ಬಿದ್ದ ಕೂಡಲೇ ಟಪ್ಪನೆ ಸಿಡಿದು ಬೀಜ ಚೆಲ್ಲುತ್ತದೆ. ಮಕ್ಕಳಿಗೆ ಆಟ. ಬೀಜ ಬೇಕಾದರೆ ನಾಲ್ಕು ತೆನೆ ಉಳಿಸಿ, ಮಿಕ್ಕಿದ್ದನ್ನು ಹಸಿರಿರುವಾಗಲೇ ಕತ್ತರಿಸಿ. ಕಾಗದದ ಹೂವನ್ನು ಮಳೆ ಕಡಿಮೆಯಾದಾಗ, ಸೆಪ್ಟೆಂಬರ್ ಕೊನೆಯ ಹಸ್ತಾ ಮಳೆ ಹೊತ್ತಿಗೆ ಸವರಿದರೆ ಬೇಸಿಗೆ ತುಂಬಾ ಹೂ. ಪಾಯಿನ್ಸೆಟಿಯಾವನ್ನು ಕೆಂಪೆಲೆ ಉದುರಿದ ಮೇಲೆ ಮಾರ್ಚ್‌ನಲ್ಲಿ ಅರ್ಧಕ್ಕೆ ಕತ್ತರಿಸಿ, ಅದರ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಜರ್ಬೆರಾ ಹೂವಿಗೆ ಕತ್ತರಿಯೇ ಬೇಡ. ತೊಟ್ಟಿನ ಬುಡ ಹಿಡಿದು ಸ್ವಲ್ಪ ತಿರುಚಿ ಪಕ್ಕಕ್ಕೆ ಎಳೆದರೆ ಬಂದುಬಿಡುತ್ತದೆ. ಕತ್ತರಿಸಿದರೆ ಉಳಿದ ಮೋಟು ಕೊಳೆತು ಬುಡಕ್ಕೆ ಮುಟ್ಟುತ್ತದೆ. ಆಂಥೂರಿಯಂ ಹೂವನ್ನು ಬುಡದ ಹತ್ತಿರ ಕತ್ತರಿಸಿ, ಅಷ್ಟೇ.

ಮಳೆ, ಕತ್ತರಿ, ಮೈಲುತುತ್ತ

ಆರಿದ್ರಾದಿಂದ ಆಶ್ಲೇಷಾವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ಮಲೆನಾಡಿನಲ್ಲಿ ದೊಡ್ಡ ಕತ್ತರಿ ಕೆಲಸ ಯಾವುದೂ ಬೇಡ. ಗಾಯ ಒಣಗುವುದಿಲ್ಲ, ಎಳೆ ಚಿಗುರಿಗೆ ಬಿಸಿಲಿಲ್ಲ. ಆದರೆ ಬಾಡಿದ ಹೂ ತೆಗೆಯುವ ಕೆಲಸ ಮಾತ್ರ ಈಗಲೇ ಎಲ್ಲಕ್ಕಿಂತ ಮುಖ್ಯ. ಒದ್ದೆಯಾಗಿ ಅಂಟಿಕೊಂಡ ದಳಗಳ ಮೇಲೆ ಬೂದು ಬಣ್ಣದ ಬೂಷ್ಟು ಮೊದಲು ಹಿಡಿಯುತ್ತದೆ, ಅಲ್ಲಿಂದ ಒಳ್ಳೆ ಮೊಗ್ಗಿಗೆ, ಎಲೆಗೆ ಇಳಿಯುತ್ತದೆ. ಮಳೆ ಬಿಟ್ಟಾಗಲೆಲ್ಲ ಒಂದು ಸುತ್ತು ಹಾಕಿ ತೆಗೆದು, ಗಿಡದ ಬುಡದಲ್ಲಿ ಬಿಡದೆ ದೂರದ ಗೊಬ್ಬರ ಗುಂಡಿಗೆ ಹಾಕಿ.

ಕತ್ತರಿ ಹರಿತವಾಗಿರಲಿ. ಮೊಂಡು ಕತ್ತರಿ ಕೊಂಬೆಯನ್ನು ಜಜ್ಜುತ್ತದೆ. ತೋಟದ ಸಿಕೇಟರನ್ನೇ ತಂದು ಬಳಸುವುದಾದರೆ ಮೊದಲು ಸ್ಪಿರಿಟ್‌ನಲ್ಲಿ ಒರೆಸಿ. ರೋಗದ ಗಿಡ ಕತ್ತರಿಸಿದ ಮೇಲೂ ಒರೆಸಿಯೇ ಇನ್ನೊಂದಕ್ಕೆ ಹೋಗಿ.

ಬೆರಳಿಗಿಂತ ದಪ್ಪದ ಕೊಂಬೆ ಕತ್ತರಿಸಿದರೆ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ. ಕಾಫಿ, ಅಡಿಕೆ ಇರುವ ಮನೆಯಲ್ಲಿ ಮೈಲುತುತ್ತ, ಸುಣ್ಣ ಇದ್ದೇ ಇರುತ್ತದಲ್ವಾ. 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್‌ನಲ್ಲಿ ಬೇರೆ ಬೇರೆ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ ಕಲಕಿ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಬಳಸಿ, ಕಬ್ಬಿಣದ್ದು ಬೇಡ. ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಮೇಲೆ ತಾಮ್ರದ ಕೆಂಪು ಕಂಡರೆ ಇನ್ನಷ್ಟು ಸುಣ್ಣ ಬೇಕು. ಅವತ್ತು ಮಾಡಿದ್ದನ್ನು ಅವತ್ತೇ ಬಳಸಿ.

ಸವರಿದ ಗಿಡಕ್ಕೆ ಎಲೆ ಕಡಿಮೆ, ಹಾಗಾಗಿ ನೀರೂ ಕಡಿಮೆ ಸಾಕು. ಮೊದಲಿನಷ್ಟೇ ಸುರಿದರೆ ಬೇರು ಕೊಳೆಯುತ್ತದೆ. ಕೊಟ್ಟಿಗೆ ಗೊಬ್ಬರವನ್ನು ಸವರಿದ ದಿನವೇ ಬುಡದಿಂದ ಸ್ವಲ್ಪ ದೂರಕ್ಕೆ ಹಾಕಬಹುದು. ಯೂರಿಯಾದಂಥ ಗೊಬ್ಬರವನ್ನು ಚಿಗುರು ಎರಡು ಮೂರು ಇಂಚು ಬರುವವರೆಗೆ ಕೊಡಬೇಡಿ. ಕತ್ತರಿಸಿದ ದಾಸವಾಳ, ಹೈಡ್ರೇಂಜಿಯಾ ಕೊಂಬೆಗಳನ್ನು ಎಸೆಯುವ ಮೊದಲು ಪಕ್ಕದ ಮನೆಯವರನ್ನು ಕೇಳಿ. ಒಂದು ಗೇಣಿನ ತುಂಡಿನಲ್ಲಿ ಮೂರು ಗೆಣ್ಣಿದ್ದು, ಎರಡು ಮಣ್ಣಿನೊಳಗೆ ಹೋದರೆ ಬೇರು ಬಿಡುತ್ತದೆ.

ಈ ವರ್ಷ ಹೊತ್ತು ತಪ್ಪಿದ್ದರೆ ಏನು ಮಾಡುವುದು ಅಂತ ಕೇಳುವವರಿಗೆ ಉತ್ತರ ಗಿಡದ ಮೇಲಿದೆ. ಗುಲಾಬಿಯನ್ನು ಡಿಸೆಂಬರ್‌ನಲ್ಲಿ ಸವರಿದರೂ ನಷ್ಟ ಇಲ್ಲ, ಹೂ ಒಂದು ತಿಂಗಳು ಮುಂದೆ ಹೋಗುತ್ತದೆ ಅಷ್ಟೇ. ಹೈಡ್ರೇಂಜಿಯಾ ಮತ್ತು ಅಜೇಲಿಯಾವನ್ನು ಹಾಗೇ ಬಿಡಿ. ಒಣಗಿದ ಗುಚ್ಛಗಳು ಕಣ್ಣಿಗೆ ಚುಚ್ಚುತ್ತಿದ್ದರೆ, ಅವುಗಳನ್ನು ಮಾತ್ರ ಮೊದಲ ಕಣ್ಣಿನ ಜೋಡಿಯ ಮೇಲೆ ಚಿವುಟಿ ತೆಗೆಯಿರಿ. ಸೆಪ್ಟೆಂಬರ್ ದಾಟಿದ ಮೇಲೆ ಅವುಗಳ ಕೊಂಬೆಗೆ ಕತ್ತರಿ ಬೇಡ.